ಗೇಣಿ ದುಡ್ಡಿಗೆ ಅರ್ಜಿ ಹಾಕುವ ಒಡೆಯರು

ಗಣಿ ಕಂಪನಿ ಅದಿರು ತೆಗೆದದ್ದಕ್ಕೆ ಸರ್ಕಾರಕ್ಕೆ ಕಟ್ಟುವ ಹಣವನ್ನು ನಮ್ಮ ಪತ್ರಿಕೆಗಳು 'ರಾಜಧನ' ಎಂದು ಬರೆಯುತ್ತವೆ. ರಾಜನ ಧನ. ನೆಲದ ಮೇಲೆ ಯಾರಾದರೂ ಉತ್ತು ಬೆಳೆಯಲಿ, ನೆಲದ ಒಳಗಿರುವುದು ರಾಜನದು ಎಂಬ ಹಳೇ ಲೆಕ್ಕ ಆ ಒಂದೇ ಪದದಲ್ಲಿ ಕೂತಿದೆ. ಇನ್ನೊಂದು ಪದ 'ಅನುದಾನ'. ಅದರ ಹೊಟ್ಟೆಯಲ್ಲಿ ದಾನ ಇದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಗಣಿ ದುಡ್ಡಿನ ಬಗ್ಗೆ ಓದುವಾಗೆಲ್ಲ ನನಗೆ ಈ ಎರಡು ಪದಗಳು ನೆನಪಾಗುತ್ತವೆ. ಅಲ್ಲಿ ಗಣಿಯ ಬಾಯಿಂದ ರಾಜಧನವಾಗಿ ಹೊರಟ ಹಣ, ಆ ನೆಲದವರ ಕೈ ಸೇರುವಾಗ ಅನುದಾನ ಆಗಿರುತ್ತದೆ. ದಾರಿಯಲ್ಲಿ ಎಲ್ಲೋ ಅದು ಯಾರ ದುಡ್ಡು ಅನ್ನುವುದೇ ಮಸುಕಾಗಿರುತ್ತದೆ.

ಇದಕ್ಕೆ ನಮ್ಮಲ್ಲಿ ಇನ್ನೊಂದು ಸರಿಯಾದ ಪದ ಇದೆ: ಗೇಣಿ. ಹೊಲ ನಿಮ್ಮದು, ಉಳುವವನು ಬೇರೆಯವನು, ಸುಗ್ಗಿ ಮುಗಿದ ಮೇಲೆ ಇಷ್ಟು ಮೂಟೆ ನಿಮ್ಮ ಮನೆಗೆ. ಕರ್ನಾಟಕದಲ್ಲಿ ಗೇಣಿ ಅಂದ ಕೂಡಲೇ ಒಡೆಯನ ದರ್ಪ, 1974ರ ಭೂಸುಧಾರಣೆ, ಉಳುವವನೇ ಹೊಲದೊಡೆಯ ಎಂಬ ಮಾತು ನೆನಪಾಗುತ್ತವೆ. ಆಸ್ಟ್ರೇಲಿಯಾದ ಕಥೆ ಉಲ್ಟಾ. ಅಲ್ಲಿ ಬಡವನೇ ಒಡೆಯ, ಗೇಣಿದಾರ ಜಗತ್ತಿನ ಅತಿ ದೊಡ್ಡ ಗಣಿ ಕಂಪನಿ. ಆದರೂ ಗೇಣಿ ಪಡೆಯಲು ಒಡೆಯನೇ ಅರ್ಜಿ ಬರೆಯಬೇಕು. ಫ್ರಿಜ್ಜಿಗೆ, ಮಗಳ ಶಾಲೆ ಸಮವಸ್ತ್ರಕ್ಕೆ, ಹಲ್ಲಿನ ಡಾಕ್ಟರಿಗೆ, ತೀರಿಹೋದ ದೊಡ್ಡಪ್ಪನ ಮಣ್ಣಿಗೆ ಹೋಗಿಬರುವ ಪೆಟ್ರೋಲಿಗೆ. ಜೊತೆಗೆ ಅಂಗಡಿಯವನ ಕೊಟೇಶನ್, ಗುಂಪಿನ ಸದಸ್ಯ ಹೌದು ಅನ್ನುವುದಕ್ಕೆ ದಾಖಲೆ. ಈ ಗಣಿ ದುಡ್ಡನ್ನು ಇಟ್ಟುಕೊಂಡಿರುವ ಟ್ರಸ್ಟ್‌ಗಳ ಕೆಲಸ ಹೆಚ್ಚೂಕಡಿಮೆ ಹೀಗೇ ನಡೆಯುತ್ತದೆ.

ಇದನ್ನು ಸುಮ್ನೆ ಅನ್ಯಾಯ ಅಂದು ಮುಗಿಸಿಬಿಡಬಹುದು. ಆದರೆ ಈ ಅರ್ಜಿ ಫಾರಂ ಹುಟ್ಟಿದ್ದರ ಹಿಂದೆ ಕಾನೂನು ಇದೆ, ತೆರಿಗೆ ಇದೆ, ಕಳ್ಳತನವೂ ಇದೆ. ಅಪರೂಪಕ್ಕೆ ಒಳ್ಳೇ ಬುದ್ಧಿಯೂ ಇದೆ.

ತೊಗಟೆಯ ಮೇಲೆ ಬರೆದ ಮನವಿ

ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಅರ್ನ್‌ಹೆಮ್ ಲ್ಯಾಂಡ್ ಅಂತ ಒಂದು ವಿಶಾಲ ಪ್ರದೇಶ. ಮೂಲನಿವಾಸಿಗಳಿಗೇ ಮೀಸಲು ಎಂದು ಸರ್ಕಾರವೇ ಗುರುತು ಹಾಕಿದ್ದ ನೆಲ. ಅಲ್ಲಿ ಬಾಕ್ಸೈಟ್ ಸಿಕ್ಕಿತು. 1963ರಲ್ಲಿ ಸರ್ಕಾರ ಆ ಮೀಸಲಿನಿಂದ ಒಂದು ತುಂಡನ್ನು ಕತ್ತರಿಸಿ ಗಣಿಗೆ ಕೊಡಲು ಹೊರಟಿತು. ಅಲ್ಲಿದ್ದ ಯೋಲ್ಂಗು ಜನರನ್ನು ಕೇಳಲಿಲ್ಲ. ಯಿರ್ಕಲಾ ಎಂಬ ಊರಿನ ಹಿರಿಯರು ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಮನವಿ ಟೈಪ್ ಮಾಡಿಸಿ, ಅದನ್ನು ಮರದ ತೊಗಟೆಗೆ ಅಂಟಿಸಿ, ಸುತ್ತ ತಮ್ಮ ಕುಲದ ಚಿತ್ರ ಬರೆದು ಸಂಸತ್ತಿಗೆ ಕಳಿಸಿದರು. ಈ ತೊಗಟೆ ಮನವಿಗಳು ಇವತ್ತಿಗೂ ಕ್ಯಾನ್‌ಬೆರಾದ ಸಂಸತ್ ಭವನದಲ್ಲಿವೆ. ಗಣಿ ಮಾತ್ರ ನಿಲ್ಲಲಿಲ್ಲ. ಯೋಲ್ಂಗು ಜನ ಕೋರ್ಟಿಗೆ ಹೋದರು. 1971ರಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ವಿಚಿತ್ರವಾದ ತೀರ್ಪು ಕೊಟ್ಟರು. ಈ ಜನರಿಗೆ ತಮ್ಮದೇ ಆದ ಕಟ್ಟುನಿಟ್ಟಾದ ಕಾನೂನು ಇದೆ ಎಂದು ಒಪ್ಪಿದರು. ಆದರೆ ಅದು ನಮ್ಮ ಕಾನೂನಿನ ಅರ್ಥದಲ್ಲಿ ಆಸ್ತಿ ಹಕ್ಕಲ್ಲ ಎಂದರು.

ಸೋಲಿನ ಸಿಟ್ಟು ರಾಜಕೀಯವಾಯಿತು. ಪ್ರಧಾನಿ ವಿಟ್ಲಮ್ ಅವರ ಸರ್ಕಾರ 1973ರಲ್ಲಿ ನ್ಯಾಯಾಧೀಶ ವುಡ್‌ವರ್ಡ್ ಅವರ ಆಯೋಗ ನೇಮಿಸಿತು. ಗಣಿ ಬೇಡ ಅನ್ನುವ ಹಕ್ಕು ಇಲ್ಲದಿದ್ದರೆ ಭೂಮಿಯ ಹಕ್ಕು ಇದ್ದೂ ಇಲ್ಲದ ಹಾಗೆ ಎಂಬ ಅರ್ಥದ ಮಾತನ್ನು ವುಡ್‌ವರ್ಡ್ ವರದಿಯಲ್ಲೇ ಬರೆದರು. 1976ರಲ್ಲಿ, ಯಿರ್ಕಲಾ ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯಕ್ಕೆ ಭೂಹಕ್ಕು ಕಾಯ್ದೆ ಬಂತು. ಇವತ್ತು ಆ ಟೆರಿಟರಿಯ ಸುಮಾರು ಅರ್ಧದಷ್ಟು ನೆಲ ಮೂಲನಿವಾಸಿಗಳ ಹೆಸರಲ್ಲಿದೆ. ಹೊಸ ಗಣಿಗೆ ಅವರ ಒಪ್ಪಿಗೆ ಬೇಕು. ಬೇಡ ಅಂದರೆ ಕಂಪನಿ 5 ವರ್ಷ ಮತ್ತೆ ಬಾಗಿಲು ತಟ್ಟುವ ಹಾಗಿಲ್ಲ.

ಹಕ್ಕು ಕೊಟ್ಟರೂ ಖನಿಜ ಮಾತ್ರ ರಾಜನದಾಗಿಯೇ ಉಳಿಯಿತು. ಹಾಗಾಗಿ ಒಂದು ಬಳಸುದಾರಿ ಮಾಡಿದರು. ಕಂಪನಿ ರಾಜಧನವನ್ನು ಸರ್ಕಾರಕ್ಕೆ ಕಟ್ಟುತ್ತದೆ. ಅಷ್ಟೇ ಮೊತ್ತವನ್ನು ಕೇಂದ್ರ ಸರ್ಕಾರ ತನ್ನ ಖಜಾನೆಯಿಂದ ಬೇರೆಯಾಗಿ ತೆಗೆದು ಒಂದು ವಿಶೇಷ ಖಾತೆಗೆ ಹಾಕುತ್ತದೆ. ಅದರ ಈಗಿನ ಹೆಸರು ಅಬೊರಿಜಿನಲ್ಸ್ ಬೆನಿಫಿಟ್ ಅಕೌಂಟ್. ಮೊದಲ ಲೆಕ್ಕದ ಪ್ರಕಾರ ಅದರಲ್ಲಿ ನೂರಕ್ಕೆ 40 ಪಾಲು ಮೂಲನಿವಾಸಿಗಳ ಪರವಾಗಿ ನೆಲದ ವ್ಯವಹಾರ ನೋಡಿಕೊಳ್ಳುವ ಭೂಮಂಡಳಿಗಳ ಆಡಳಿತಕ್ಕೆ, 30 ಪಾಲು ಗಣಿಯಿಂದ ತೊಂದರೆಗೆ ಒಳಗಾದ ಪ್ರದೇಶದವರಿಗೆ, ಉಳಿದ 30 ಪಾಲು ಇಡೀ ಟೆರಿಟರಿಯ ಮೂಲನಿವಾಸಿಗಳ ಒಳಿತಿಗೆ. ಈ ಕೊನೆಯ 30 ಪಾಲೇ ಅನುದಾನದ ಹುಂಡಿ. ಹುಂಡಿಯ ಕೀಲಿ ದಶಕಗಳ ಕಾಲ ಇದ್ದದ್ದು ಸಚಿವರ ಕೈಯಲ್ಲಿ. ಮೂಲನಿವಾಸಿಗಳ ಸಲಹಾ ಸಮಿತಿ ಇತ್ತು. ಸಲಹೆ ಕೊಡುತ್ತಿತ್ತು, ಅಷ್ಟೇ.

ಈ ಏರ್ಪಾಡು 1976ರದ್ದೂ ಅಲ್ಲ, ಇನ್ನೂ ಹಳೆಯದು. ಟೆರಿಟರಿ ಖಾತೆಯ ಸಚಿವರಾಗಿದ್ದ ಪಾಲ್ ಹ್ಯಾಸ್ಲಕ್ 1952ರಲ್ಲಿ ಮೀಸಲು ಪ್ರದೇಶಗಳನ್ನು ಗಣಿಗೆ ತೆರೆಯುವ ನೀತಿ ತಂದರು. ಬದಲಿಗೆ ರಾಜಧನವನ್ನು ಮೂಲನಿವಾಸಿಗಳ ಕಲ್ಯಾಣದ ಟ್ರಸ್ಟ್ ನಿಧಿಗೆ ಹಾಕುತ್ತೇವೆ ಎಂದರು. ಅದೇ ದಶಕದ ಕಾನೂನು ಟೆರಿಟರಿಯ ಬಹುತೇಕ ಮೂಲನಿವಾಸಿಗಳನ್ನು 'ವಾರ್ಡ್' ಎಂದು ಕರೆಯಿತು. ಅಂದರೆ ಸರ್ಕಾರವೇ ಪೋಷಕ, ಇವರು ಅದರ ಆಶ್ರಿತರು. ತಂದೆ ತೀರಿದ ಮಕ್ಕಳ ಆಸ್ತಿಯನ್ನು ಚಿಕ್ಕಪ್ಪ ನೋಡಿಕೊಳ್ಳುವ ಹಾಗೆ. ಮಕ್ಕಳು ದೊಡ್ಡವರಾದರು, 'ವಾರ್ಡ್' ಪದ ಕಾನೂನಿನಿಂದ ಹೋಯಿತು. ಚಿಕ್ಕಪ್ಪ ಮಾತ್ರ ಕೀಲಿಗೊಂಚಲು ಸೊಂಟದಿಂದ ಬಿಚ್ಚಲಿಲ್ಲ.

ಗಡಿಯಾರ ನೋಡಿಕೊಂಡು ಚೌಕಾಸಿ

ಪಕ್ಕದ ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಪಿಲ್ಬರಾ ಇರುವುದು ಅಲ್ಲೇ. ಜಗತ್ತಿನ ಕಬ್ಬಿಣದ ಅದಿರಿನ ದೊಡ್ಡ ಪಾಲು ಹೊರಡುವ ಜಾಗ. ಅಲ್ಲಿನ ಫೋಟೋ ನೋಡಿದರೆ ಸಂಡೂರು ರಸ್ತೆಯ ಕೆಂಪು ಧೂಳು ಕಣ್ಣಿಗೆ ಕಟ್ಟುತ್ತದೆ. ಪುಡಿ ಅದಿರಿನ ಬೆಲೆಯಲ್ಲಿ 7.5% ರಾಜ್ಯ ಸರ್ಕಾರಕ್ಕೆ ರಾಜಧನ. ನಾರ್ದರ್ನ್ ಟೆರಿಟರಿಯಲ್ಲಿ ಇರುವ ಹಾಗೆ ಅದಕ್ಕೆ ಸಮನಾದ ಮೊತ್ತ ನೆಲದವರಿಗೆ ಅಂತ ಬರುವುದಿಲ್ಲ. ಅವರಿಗೆ ಸಿಗುವುದು ಕಂಪನಿಯ ಜೊತೆ ಮಾತಾಡಿ ಮಾಡಿಕೊಂಡ ಒಪ್ಪಂದದ ಹಣ. ಊರವರು ಅದಕ್ಕೂ ರಾಯಲ್ಟಿ ಎಂದೇ ಹೇಳುತ್ತಾರೆ.

1992ರ ಮಾಬೊ ತೀರ್ಪು, ಬ್ರಿಟಿಷರು ಬರುವ ಮೊದಲಿನ ಭೂಸಂಬಂಧಕ್ಕೂ ಕಾನೂನಿನ ಬೆಲೆ ಇದೆ ಎಂದಿತು. ಆ ಹಳೇ ಭೂಸಂಬಂಧದ ಹಕ್ಕನ್ನೇ 'ನೇಟಿವ್ ಟೈಟಲ್' ಅನ್ನುತ್ತಾರೆ. ಮರುವರ್ಷ ನೇಟಿವ್ ಟೈಟಲ್ ಕಾಯ್ದೆ ಬಂತು. ಅದರಲ್ಲಿ ಗಣಿ ಬೇಡ ಅನ್ನುವ ಹಕ್ಕಿಲ್ಲ, ಮಾತುಕತೆಯ ಹಕ್ಕು ಮಾತ್ರ ಇದೆ. ಆ ಮಾತುಕತೆಯ ಹಿಂದೆ ಒಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. 6 ತಿಂಗಳಲ್ಲಿ ಒಪ್ಪಂದ ಆಗದಿದ್ದರೆ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ನ್ಯಾಯಮಂಡಳಿ ಗಣಿ ಬೇಡ ಎಂದು ಹೇಳಿದ್ದು ಬೆರಳೆಣಿಕೆಯಷ್ಟು ಸಲ. ಇನ್ನೂ ಒಂದು ಮಾತಿದೆ. ಲಾಭಕ್ಕೋ ಉತ್ಪಾದನೆಗೋ ತಳುಕು ಹಾಕಿದ ಹಣವನ್ನು, ಅಂದರೆ ರಾಯಲ್ಟಿಯನ್ನು, ನ್ಯಾಯಮಂಡಳಿ ಕೊಡಿಸುವ ಹಾಗೇ ಇಲ್ಲ ಎಂದು ಕಾಯ್ದೆಯ 38ನೇ ಸೆಕ್ಷನ್ ಹೇಳುತ್ತದೆ. ಅಂದರೆ ಇವತ್ತು ಸಹಿ ಹಾಕಿದರೆ ಏನೋ ಒಂದು ಪಾಲು ಉಂಟು, ಹಾಕದಿದ್ದರೆ ಪಾಲೂ ಇಲ್ಲ, ಗಣಿಯೂ ನಿಲ್ಲುವುದಿಲ್ಲ. ಇದನ್ನು 'ಒಪ್ಪಂದ' ಎಂದು ಕರೆಯುವುದಕ್ಕೆ ನನಗಂತೂ ಸ್ವಲ್ಪ ಮುಜುಗರ.

ಸಹಿಯ ಜೊತೆ ಬಾಯಿಗೂ ಬೀಗ ಬೀಳುತ್ತಿತ್ತು. 2020ರ ಮೇ 24ರಂದು ರಿಯೊ ಟಿಂಟೊ ಕಂಪನಿ ಜೂಕನ್ ಕಮರಿಯ ಗುಹೆಗಳನ್ನು ಸ್ಫೋಟಿಸಿತು. 46,000 ವರ್ಷಗಳಿಂದ ಮನುಷ್ಯರು ಬಂದುಹೋಗಿ ಮಾಡುತ್ತಿದ್ದ ಜಾಗ ಅದು. ಆ ನೆಲದ ಪುಟು ಕುಂಟಿ ಕುರಾಮಾ ಮತ್ತು ಪಿನಿಕುರಾ ಜನ ಕಂಪನಿಯೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಹಣವೂ ಬರುತ್ತಿತ್ತು. ಬಹಿರಂಗವಾಗಿ ದೂರುವುದಕ್ಕೆ ಅದೇ ಒಪ್ಪಂದದ ಷರತ್ತುಗಳು ಅಡ್ಡ ಬಂದವು ಎನ್ನುವುದು ಆಮೇಲಿನ ಸಂಸದೀಯ ವಿಚಾರಣೆಯಲ್ಲಿ ಬಯಲಾಯಿತು. ಕಂಪನಿಯ ಮುಖ್ಯಸ್ಥರು ಕುರ್ಚಿ ಬಿಟ್ಟರು. ಗುಹೆ ವಾಪಸ್ ಬರಲಿಲ್ಲ.

ಹಾಗಾದರೆ ದಾನದ ವೇಷ ಯಾಕೆ?

ಒಪ್ಪಂದದ ಹಣ ಯಾರೋ ಒಬ್ಬರದಲ್ಲ, ಇಡೀ ಗುಂಪಿನದು. ಹುಟ್ಟದ ಮಕ್ಕಳದೂ ಹೌದು. ಅದನ್ನು ಎಲ್ಲಿಡಬೇಕು? ವಕೀಲರು ಕಂಡುಕೊಂಡ ದಾರಿ ಚಾರಿಟಬಲ್ ಟ್ರಸ್ಟ್. ನಮ್ಮ ಭಾಷೆಯಲ್ಲಿ ಧರ್ಮಾರ್ಥ ದತ್ತಿ. ಮೊದಲ ಕಾರಣ ತೆರಿಗೆ. ಇಂಥ ಹಣಕ್ಕೆ ಆದಾಯ ತೆರಿಗೆ ಉಂಟೋ ಇಲ್ಲವೋ ಅನ್ನುವುದು ಬಹಳ ವರ್ಷ ಗೋಜಲಾಗಿತ್ತು. 2013ರಲ್ಲಿ ಕಾನೂನು ತಿದ್ದಿ, ನೇಟಿವ್ ಟೈಟಲ್‌ನಿಂದ ಬರುವ ಹಣಕ್ಕೆ ತೆರಿಗೆ ಇಲ್ಲ ಎಂದು ಸ್ಪಷ್ಟ ಮಾಡಿದರು. ಆದರೆ ಆ ಹಣವನ್ನು ಬ್ಯಾಂಕಿನಲ್ಲೋ ಷೇರಿನಲ್ಲೋ ಇಟ್ಟು ಬರುವ ಬಡ್ಡಿ, ಲಾಭಕ್ಕೆ ತೆರಿಗೆ ಬೀಳಬಹುದು. ಧರ್ಮಾರ್ಥ ಟ್ರಸ್ಟಿನಲ್ಲಿಟ್ಟರೆ ಅದೂ ಉಳಿಯುತ್ತದೆ. ನೂರು ವರ್ಷ ಬಾಳಬೇಕಾದ ನಿಧಿಗೆ ಇದು ಸಣ್ಣ ಲಾಭವಲ್ಲ.

ಈ ಲಾಭಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಧರ್ಮಾರ್ಥ ಟ್ರಸ್ಟ್ ಅಂದ ಮೇಲೆ ಅದು ಧರ್ಮಕಾರ್ಯವನ್ನೇ ಮಾಡಬೇಕು. ಬಡತನ ನೀಗುವುದು, ಶಿಕ್ಷಣ, ಆರೋಗ್ಯ, ಸಂಸ್ಕೃತಿ. ಸದಸ್ಯರಿಗೆ ಸುಮ್ಮನೆ ನಗದು ಹಂಚುವಂತಿಲ್ಲ. ಹೊಲದ ಒಡೆಯ ಕಾನೂನಿನ ಪುಸ್ತಕದಲ್ಲಿ 'ಫಲಾನುಭವಿ' ಆಗಿಬಿಡುತ್ತಾನೆ. ಫಲಾನುಭವಿ ತಾನು ಬಡವ ಎಂದು ತೋರಿಸಬೇಕು.

ಇನ್ನೊಂದು ತಮಾಷೆಯ ತೊಡಕೂ ಇತ್ತು. ಬ್ರಿಟಿಷ್ ಮೂಲದ ದತ್ತಿ ಕಾನೂನಿನಲ್ಲಿ ದಾನ ಸಾರ್ವಜನಿಕರಿಗೆ ಹೋಗಬೇಕು, ನೆಂಟರಿಗಲ್ಲ. ನಾವೂ ಹಾಗೇ ಯೋಚಿಸುತ್ತೇವೆ. ಜಾತಿ ಸಂಘದ ಹಾಸ್ಟೆಲಿಗೆ ಕೊಟ್ಟರೆ ಧರ್ಮ, ಅಣ್ಣನ ಮಕ್ಕಳ ಫೀಸು ಕಟ್ಟಿದರೆ ಮನೆ ಖರ್ಚು. ಆದರೆ ಒಂದು ನೆಲದ ಮೂಲನಿವಾಸಿ ಗುಂಪು ಅಂದರೆ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಬಂಧುಗಳೇ. ನೆಂಟಸ್ತನದಿಂದಲೇ ಅವರಿಗೆ ನೆಲದ ಹಕ್ಕು. ಅದೇ ನೆಂಟಸ್ತನ ಅವರ ಟ್ರಸ್ಟನ್ನು ದತ್ತಿ ಅಲ್ಲ ಅನ್ನಿಸಿಬಿಡುವ ಅಪಾಯ ಇತ್ತು. 2013ರ ಚಾರಿಟೀಸ್ ಕಾಯ್ದೆಯ 9ನೇ ಸೆಕ್ಷನ್ ಈ ಗಂಟನ್ನು ಬಿಚ್ಚಿತು. ನೇಟಿವ್ ಟೈಟಲ್ ಹಣದ ವಿಷಯದಲ್ಲಿ ರಕ್ತಸಂಬಂಧ ಅಡ್ಡಿಯಲ್ಲ ಎಂದಿತು.

ಟ್ರಸ್ಟ್ ಅಂದ ಮೇಲೆ ಟ್ರಸ್ಟಿ ಬೇಕು. ಎಷ್ಟೋ ಕಡೆ ಅದು ದೂರದ ಪರ್ತ್ ನಗರದ ವೃತ್ತಿಪರ ಟ್ರಸ್ಟಿ ಕಂಪನಿ. ಅದಕ್ಕೆ ವರ್ಷ ವರ್ಷ ಫೀಸು. ಅಕೌಂಟೆಂಟು, ವಕೀಲ, ಹೂಡಿಕೆ ಸಲಹೆಗಾರ, ಎಲ್ಲರಿಗೂ ಫೀಸು. ಸಮುದಾಯದ ಸಮಿತಿ ಸಲಹೆ ಕೊಡುತ್ತದೆ, ಟ್ರಸ್ಟಿ ನಿಯಮ ನೋಡಿ ಹೂಂ ಅನ್ನುತ್ತಾನೆ ಅಥವಾ ಉಹುಂ ಅನ್ನುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ನಮ್ಮೂರಲ್ಲಿ ಸುಮ್ಮನೆ ಹುಟ್ಟಿಲ್ಲ, ಅಲ್ವಾ?

ಆದರೆ ಪೂಜಾರಿಯಿಂದ ಒಂದು ಉಪಯೋಗವೂ ಇದೆ. ಉತ್ತರ ಆಸ್ಟ್ರೇಲಿಯಾದ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ 'ಹಂಬಗ್' ಎಂಬ ಮಾತಿದೆ. ದುಡ್ಡು ಬಂದವನ ಹಿಂದೆ ಬಂಧುಗಳು ಬಿದ್ದು ಕೇಳುತ್ತಲೇ ಇರುವುದು. ಅಲ್ಲಿ ಹಂಚಿಕೊಳ್ಳುವುದು ಉಪಕಾರವಲ್ಲ, ಕರ್ತವ್ಯ. ಕೇಳಿದವನಿಗೆ ಇಲ್ಲ ಅಂದರೆ ಸಂಬಂಧವೇ ಹೋದ ಹಾಗೆ. ಹಾಗಾಗಿ ಕೈಗೆ ಬಂದ ನಗದು ಎರಡೇ ದಿನದಲ್ಲಿ ನಾಲ್ಕು ದಿಕ್ಕಿಗೆ ಹೋಗುತ್ತದೆ. ಇದರ ಬಿಸಿ ಹೆಚ್ಚಾಗಿ ತಟ್ಟುವುದು ಅಜ್ಜಿಯರಿಗೆ. ದುಡ್ಡು ಟ್ರಸ್ಟಿನಲ್ಲಿದ್ದರೆ "ನಾನು ಕೊಡಬೇಕು ಅಂತಲೇ ಇದ್ದೀನಿ ಕಣಪ್ಪ, ಟ್ರಸ್ಟಿನವರು ಬಿಡಲ್ಲ" ಎಂದು ಹೇಳಿ ಬಚಾವಾಗಬಹುದು. ಹೊರಗಿನವರಿಗೆ ಗೋಡೆಯಂತೆ ಕಾಣುವ ನಿಯಮ ಒಳಗಿನವರಿಗೆ ಕೆಲವೊಮ್ಮೆ ಛತ್ರಿ ಆಗುತ್ತದೆ.

ಎರಡು ಸೋಲು

ನಾರ್ದರ್ನ್ ಟೆರಿಟರಿಯ ಗ್ರೂಟ್ ಐಲ್ಯಾಂಡ್ ಎಂಬ ದ್ವೀಪ. ಅನಿಂಡಿಲ್ಯಾಕ್ವಾ ಜನರ ನೆಲ. ಜಗತ್ತಿನ ದೊಡ್ಡ ಮ್ಯಾಂಗನೀಸ್ ಗಣಿಗಳಲ್ಲಿ ಒಂದು ಅಲ್ಲಿದೆ. ಭೂಹಕ್ಕು ಕಾಯ್ದೆ ಬರುವುದಕ್ಕೂ ಮೊದಲೇ, 1960ರ ದಶಕದಲ್ಲಿ, ಅಲ್ಲಿದ್ದ ಚರ್ಚ್ ಮಿಷನ್ ಕಂಪನಿಯ ಜೊತೆ ಮಾತಾಡಿ ದ್ವೀಪದವರಿಗೆ ಒಂದು ಪಾಲು ಕೊಡಿಸಿತ್ತು. ಅದಕ್ಕಾಗಿಯೇ ಒಂದು ಟ್ರಸ್ಟ್ ಮಾಡಿದರು. ಸರ್ಕಾರದ ಹಂಗಿಲ್ಲದ ಟ್ರಸ್ಟ್, ಆ ಕಾಲಕ್ಕೆ ಅಪರೂಪ. 2010ರ ದಶಕ ಬರುವ ಹೊತ್ತಿಗೆ ಆ ಟ್ರಸ್ಟಿನ ಹಣ ಕಾರು, ಮೋಜು, ಬಂಧುಬಳಗ ಅಂತ ನೀರಿನ ಹಾಗೆ ಹರಿದುಹೋಗಿತ್ತು. ಸರ್ಕಾರ ಆಡಳಿತಾಧಿಕಾರಿಯನ್ನು ಹಾಕಿತು. ಹೊಣೆ ಹೊತ್ತಿದ್ದ ಅಧಿಕಾರಿಗೆ ಕೋರ್ಟ್ ಜೈಲು ಶಿಕ್ಷೆ ಕೊಟ್ಟಿತು. ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ. ಅಲ್ಲಿ ಅಳೆಯುವವರೇ ಇರಲಿಲ್ಲ. 2023ರಲ್ಲಿ ಅದೇ ದ್ವೀಪದ ಭೂಮಂಡಳಿಯ ಆಡಳಿತವನ್ನು ಪರಿಶೀಲಿಸಿದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ, ಸ್ವಹಿತಾಸಕ್ತಿಯ ತಿಕ್ಕಾಟಗಳನ್ನು ಸರಿಯಾಗಿ ನಿಭಾಯಿಸಿಲ್ಲ ಎಂದು ಟೀಕಿಸಿತು.

ಇಂಥ ಸುದ್ದಿ ಬಂದಾಗೆಲ್ಲ "ನೋಡಿ, ಇವರ ಕೈಗೆ ದುಡ್ಡು ಕೊಟ್ಟರೆ ಹೀಗೇ" ಅನ್ನುವ ಮಾತು ಏಳುತ್ತದೆ. ಸಹಕಾರಿ ಬ್ಯಾಂಕು ಮುಳುಗಿದಾಗ ನಾವು ಇಡೀ ಊರಿಗೇ ದುಡ್ಡು ನೋಡಿಕೊಳ್ಳಲು ಬರುವುದಿಲ್ಲ ಅನ್ನುತ್ತೇವಾ? ಲೆಕ್ಕ ಕೇಳುವವರಿಲ್ಲದ ಕಡೆ ಯಾರ ದುಡ್ಡಾದರೂ ಹೋಗುತ್ತದೆ.

ಇನ್ನೊಂದು ಸೋಲಿನಲ್ಲಿ ಕಳ್ಳರೇ ಇಲ್ಲ. ಅದೇ ಟೆರಿಟರಿಯ ಕಾಕಡು ಪ್ರದೇಶದ ರೇಂಜರ್ ಯುರೇನಿಯಂ ಗಣಿಗೆ ಮಿರಾರ್ ಜನ ಒಪ್ಪಿರಲಿಲ್ಲ. ಬೇಡ ಅನ್ನುವ ಹಕ್ಕು ಈ ಒಂದು ಗಣಿಗೆ ಅನ್ವಯಿಸದು ಎಂದು 1976ರ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ರಾಜಧನವಾಗಿ ಮೂಲನಿವಾಸಿಗಳಿಗೆ ಸಿಗುತ್ತಿದ್ದದ್ದು ಯುರೇನಿಯಂ ಮಾರಾಟದ ಹಣದಲ್ಲಿ 4.25%. ಅದನ್ನು ಪಡೆಯಲು ಗಗುಜು ಅಸೋಸಿಯೇಷನ್ ಹುಟ್ಟಿತು. 1980ರ ದಶಕದಲ್ಲಿ ಅದು ಎಲ್ಲರ ಬಾಯಲ್ಲೂ ಮಾದರಿ. ಪ್ರವಾಸೋದ್ಯಮದಲ್ಲಿ ಹಣ ಹೂಡಿತು, ಜಬೀರು ಪಟ್ಟಣದಲ್ಲಿ ಮೊಸಳೆ ಆಕಾರದ ಹೋಟೆಲ್ ಕಟ್ಟಿತು. ಜೊತೆಗೆ ರಸ್ತೆ, ಮನೆ, ಆರೋಗ್ಯದಂಥ ಕೆಲಸಗಳೂ ಅದರ ತಲೆಗೇ ಬಿದ್ದವು. ಯುರೇನಿಯಂ ಮಾರಾಟ ಕುಗ್ಗಿತು, ಹಣ ಕುಗ್ಗಿತು. ಗಣಿ ಇದ್ದದ್ದು ಮಿರಾರ್ ಜನರ ನೆಲದಲ್ಲಿ, ಹಣ ಸುತ್ತಲಿನ ಎಲ್ಲ ಕುಲಗಳ ಸಂಘಕ್ಕೆ. 1995ರಲ್ಲಿ ಮಿರಾರ್ ಜನ ತಮ್ಮದೇ ಬೇರೆ ಸಂಸ್ಥೆ ಮಾಡಿಕೊಂಡು ಹೊರಬಂದರು. 'ತೊಂದರೆಗೆ ಒಳಗಾದವರು' ಯಾರು, 'ಒಡೆಯರು' ಯಾರು ಎಂಬ ಜಗಳಕ್ಕೆ ಕಾಯ್ದೆಯಲ್ಲೇ ಬೀಜ ಇತ್ತು.

ಚಿನ್ನದಿಂದ ಡಯಾಲಿಸಿಸ್

ನನಗೆ ಇಡೀ ವಿಷಯದಲ್ಲಿ ಹೆಚ್ಚು ಯೋಚನೆಗೆ ಹಚ್ಚಿದ್ದು ಮರುಭೂಮಿಯ ವಾರ್ಲ್‌ಪಿರಿ ಜನರ ಕಥೆ. ಟನಾಮಿ ಮರುಭೂಮಿಯಲ್ಲಿ ಗ್ರ್ಯಾನೈಟ್ಸ್ ಎಂಬ ಚಿನ್ನದ ಗಣಿ. ಅದರ ರಾಯಲ್ಟಿ ವಾರ್ಲ್‌ಪಿರಿ ಒಡೆಯರ ಸಂಸ್ಥೆಗೆ ಬರುತ್ತದೆ. ಯುಂಡುಮು, ಲಾಜಮಾನು, ವಿಲೋರಾ, ನಿರ್ಪಿ ಎಂಬ ನಾಲ್ಕು ಊರುಗಳ ಶಾಲೆಗಳಲ್ಲಿ ಪಾಠ ಮಾಡುತ್ತಿದ್ದ ವಾರ್ಲ್‌ಪಿರಿ ಹೆಂಗಸರು ಒಂದು ಮಾತು ಎತ್ತಿದರು. ಈ ದುಡ್ಡಿನಲ್ಲಿ ಒಂದು ಪಾಲನ್ನು ಮಕ್ಕಳ ಓದಿಗೆ ಅಂತಲೇ ಎತ್ತಿಡಿ, ನಮ್ಮ ಭಾಷೆ ಶಾಲೆಯಲ್ಲಿ ಉಳಿಯಲಿ. 2005ರಲ್ಲಿ ವಾರ್ಲ್‌ಪಿರಿ ಶಿಕ್ಷಣ ಮತ್ತು ತರಬೇತಿ ಟ್ರಸ್ಟ್ ಹುಟ್ಟಿದ್ದು ಹೀಗೆ. ಅದು ಪುಟ್ಟ ಮಕ್ಕಳ ಕೇಂದ್ರ ನಡೆಸಿತು, ದೊಡ್ಡವರ ಕಲಿಕಾ ಕೇಂದ್ರಗಳಿಗೆ ಹಣ ಕೊಟ್ಟಿತು, ವಾರ್ಲ್‌ಪಿರಿ ಭಾಷೆಯ ಕಲಿಕೆಗೆ ಬೆನ್ನು ಕೊಟ್ಟಿತು, ಮಕ್ಕಳನ್ನು ಪ್ರವಾಸಕ್ಕೆ ಕಳಿಸಿತು. ಟೆರಿಟರಿ ಸರ್ಕಾರ ದ್ವಿಭಾಷಾ ಶಿಕ್ಷಣದ ಬಗ್ಗೆ ಮುಖ ತಿರುಗಿಸಿದ್ದ ವರ್ಷಗಳಲ್ಲೂ ಆ ಹಣ ನಿಲ್ಲಲಿಲ್ಲ. ಆ ಭಾಗದ ಭೂಮಂಡಳಿಯಾದ ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್ ಅದೇ ವರ್ಷ ಇಂಥ ಕೆಲಸಗಳಿಗಾಗಿಯೇ ಸಮುದಾಯ ಅಭಿವೃದ್ಧಿ ವಿಭಾಗ ಶುರು ಮಾಡಿತು. ಅದರ ಸಿಬ್ಬಂದಿ ಊರೂರಿಗೆ ಹೋಗಿ ಕೂತು, ಎಷ್ಟು ಹಣ ಇದೆ, ಯಾವುದಕ್ಕೆ ಬೇಕು ಎಂದು ಮಾತಾಡುತ್ತಾರೆ. ಫಾರಂ ಅಲ್ಲೂ ಇದೆ. ಆದರೆ ಫಾರಂ ತುಂಬುವ ಮೊದಲು ಸಭೆ ಇದೆ.

ಅದೇ ಗಣಿ ದುಡ್ಡು ಡಯಾಲಿಸಿಸ್‌ಗೂ ಹೋಯಿತು. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಕಿಡ್ನಿ ಕಾಯಿಲೆ ಭಯಂಕರ ಜಾಸ್ತಿ. ವಾರಕ್ಕೆ 3 ಸಲ ಯಂತ್ರಕ್ಕೆ ಕೂರಬೇಕು. ಯಂತ್ರ ಇರುವುದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ನೂರಾರು ಕಿಲೋಮೀಟರ್ ದೂರ. ಅಂದರೆ ಊರು ಬಿಟ್ಟು, ಮೊಮ್ಮಕ್ಕಳನ್ನು ಬಿಟ್ಟು, ಪಟ್ಟಣದಲ್ಲೇ ಸಾಯುವುದು. ಪಿಂಟುಪಿ ಜನ 2000ದಲ್ಲಿ ತಮ್ಮ ಚಿತ್ರಗಳನ್ನು ಸಿಡ್ನಿಯಲ್ಲಿ ಹರಾಜು ಹಾಕಿ 10 ಲಕ್ಷ ಡಾಲರಿಗೂ ಹೆಚ್ಚು ಹಣ ಎತ್ತಿದರು, ಊರಲ್ಲೇ ಡಯಾಲಿಸಿಸ್ ಶುರು ಮಾಡಿದರು. ಈಗ 'ಪರ್ಪಲ್ ಹೌಸ್' ಎಂದು ಹೆಸರಾದ ಸಂಸ್ಥೆ ಅದು. ವಾರ್ಲ್‌ಪಿರಿ ಜನ ತಮ್ಮ ಚಿನ್ನದ ರಾಯಲ್ಟಿಯಿಂದ ಯುಂಡುಮುವಿಗೆ ಅದನ್ನು ತರಿಸಿಕೊಂಡರು.

ಓದಿದ ಕೂಡಲೇ ಖುಷಿಯಾಗುತ್ತದೆ. ಆಮೇಲೆ ಒಂದು ಪ್ರಶ್ನೆ ಕಾಡುತ್ತದೆ. ಸಿಡ್ನಿಯ ಕಿಡ್ನಿ ರೋಗಿ ತನ್ನ ಮನೆ ಬಾಡಿಗೆ ದುಡ್ಡಿನಿಂದ ಆಸ್ಪತ್ರೆಗೆ ಯಂತ್ರ ಕೊಂಡುಕೊಡುತ್ತಾನಾ? ಅವನಿಗೆ ಅದು ಸರ್ಕಾರದ ಮೆಡಿಕೇರ್‌ನಿಂದ ಬರುತ್ತದೆ. ನಾಗರಿಕ ಅನ್ನುವ ಕಾರಣಕ್ಕೇ ಬರುತ್ತದೆ. ಮೂಲನಿವಾಸಿಗಳಿಗೆ ಮಾತ್ರ ಶಾಲೆ, ಆಸ್ಪತ್ರೆ, ಮನೆ ಎಲ್ಲವೂ "ನಿಮಗೆ ಗಣಿ ದುಡ್ಡು ಬರುತ್ತಲ್ಲ" ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ. ಗೇಣಿ ಬರುತ್ತದೆ ಅಂತ ಒಬ್ಬನ ರೇಷನ್ ಕಾರ್ಡ್ ಕಿತ್ತುಕೊಂಡ ಹಾಗೆ, ಆದರೆ ಆ ಗೇಣಿಯನ್ನೂ ಅವನ ಕೈಗೆ ಕೊಡದೆ. ದೂರದ ಊರುಗಳಲ್ಲಿ ನರ್ಸ್‌ಗಳು ಮಾಡುವ ಡಯಾಲಿಸಿಸ್‌ಗೆ ಮೆಡಿಕೇರ್ ಹಣ ಕೊಡಲು ಶುರು ಮಾಡಿದ್ದು 2018ರ ನವೆಂಬರ್‌ನಲ್ಲಿ. ಚಿತ್ರದ ಹರಾಜು ನಡೆದು 18 ವರ್ಷ ಆಗಿತ್ತು.

ಗಣಿ ಮುಚ್ಚಿದ ಮೇಲೆ

ಅದಿರು ಒಂದೇ ಬೆಳೆ. ಎರಡನೇ ಸುಗ್ಗಿ ಇಲ್ಲ. ವೆಸ್ಟರ್ನ್ ಆಸ್ಟ್ರೇಲಿಯಾದ ಕಿಂಬರ್ಲಿಯ ಆರ್ಗೈಲ್ ವಜ್ರದ ಗಣಿ 2020ರ ನವೆಂಬರ್‌ನಲ್ಲಿ ಮುಚ್ಚಿತು. ಜಗತ್ತಿನ ಗುಲಾಬಿ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತು ಅಲ್ಲಿಂದಲೇ ಬರುತ್ತಿದ್ದವು. ಆ ಜಾಗ ಗಿಜಾ ಹೆಂಗಸರ ಪವಿತ್ರ ತಾಣ. ಬಲೆಯಿಂದ ತಪ್ಪಿಸಿಕೊಂಡ ಬಾರಾಮುಂಡಿ ಮೀನಿನ ಹುರುಪೆಗಳೇ ವಜ್ರಗಳಾದವು ಅನ್ನುವುದು ಅವರ ಕಥೆ. 1980ರಲ್ಲಿ ಕಂಪನಿ ಕೆಲವೇ ಮಂದಿಯ ಸಹಿ ಹಾಕಿಸಿಕೊಂಡು 'ಒಳ್ಳೇ ನೆರೆಹೊರೆ' ಎಂಬ ಹೆಸರಿನ ಒಪ್ಪಂದ ಮಾಡಿತ್ತು. ಹೆಸರು ನೋಡಿ! ಗಣಿಗೆ ವಯಸ್ಸಾದ ಮೇಲೆ, 2004ರಲ್ಲಿ, ಎಲ್ಲ ಒಡೆಯರ ಜೊತೆ ಹೊಸ ಒಪ್ಪಂದ ಆಯಿತು. ಗೆಲ್ಗನ್ಯೆಮ್ ಟ್ರಸ್ಟ್ ಬಂದದ್ದು ಆಗ. ಬಂದದ್ದನ್ನೆಲ್ಲ ಖರ್ಚು ಮಾಡದೆ ಒಂದು ಪಾಲನ್ನು ಮುಂದಿನವರಿಗೆ ಕೂಡಿಡುವುದು ಅದರ ಕ್ರಮ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬುದು ಅವರಿಗೂ ಗೊತ್ತಿತ್ತು. ಗಣಿ ಮುಚ್ಚಿದರೂ ಟ್ರಸ್ಟ್ ಬದುಕಿದೆ.

ಹಣ ನಿಧಾನಕ್ಕೆ ನಿಲ್ಲುತ್ತದೆ ಅಂತೇನಿಲ್ಲ. 2024ರ ಮಾರ್ಚ್‌ನಲ್ಲಿ ಮೇಗನ್ ಚಂಡಮಾರುತ ಗ್ರೂಟ್ ದ್ವೀಪದ ಹಡಗುಕಟ್ಟೆಯನ್ನು ಮುರಿದುಹಾಕಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದಿರು ದ್ವೀಪ ಬಿಟ್ಟು ಹೊರಡಲೇ ಇಲ್ಲ.

ಅಷ್ಟರಲ್ಲಾಗಲೇ ನಾರ್ದರ್ನ್ ಟೆರಿಟರಿಯ ಹುಂಡಿಯ ನಿಯಮ ಬದಲಾಗಿತ್ತು. ವಿಶೇಷ ಖಾತೆಯಲ್ಲಿ ಹಣ ಕೂಡಿ ಕೂಡಿ 100 ಕೋಟಿ ಡಾಲರ್ ದಾಟಿತ್ತು. ನಮ್ಮ ದುಡ್ಡು ಸಚಿವರ ಮೇಜಿನ ಮೇಲೆ ಯಾಕೆ ಕೂತಿದೆ ಎಂದು ಭೂಮಂಡಳಿಗಳು ವರ್ಷಗಟ್ಟಲೆ ಕೇಳಿದವು. 2021ರ ತಿದ್ದುಪಡಿ ಒಂದು ಹೊಸ ಹೂಡಿಕೆ ಸಂಸ್ಥೆಯನ್ನು ಹುಟ್ಟಿಸಿತು. ಅದಕ್ಕೆ 50 ಕೋಟಿ ಡಾಲರ್ ಮೂಲಧನ, ಮೊದಲ 3 ವರ್ಷ ಅನುದಾನ ಹಂಚಲು ವರ್ಷಕ್ಕೆ 6 ಕೋಟಿ ಡಾಲರ್. ಮಂಡಳಿಯಲ್ಲಿ ಹೆಚ್ಚಿನವರು ಭೂಮಂಡಳಿಗಳು ಆರಿಸಿದವರು. ಚಿಕ್ಕಪ್ಪ ಕೊನೆಗೂ ಒಂದು ಕೀಲಿ ಬಿಚ್ಚಿಕೊಟ್ಟಿದ್ದಾನೆ. ಪೂರ್ತಿ ಗೊಂಚಲು ಅಲ್ಲ.

ಇದರ ಪಕ್ಕದಲ್ಲಿ ನಮ್ಮ ಬಳ್ಳಾರಿಯನ್ನು ಇಟ್ಟು ನೋಡಬಹುದು. 2015ರ ತಿದ್ದುಪಡಿಯಿಂದ ಭಾರತದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೇ ಗಣಿ ಗುತ್ತಿಗೆಯವರು ರಾಜಧನದ 30%, ಹರಾಜಿನಲ್ಲಿ ಪಡೆದವರು 10% ಹೆಚ್ಚುವರಿಯಾಗಿ ಇದಕ್ಕೆ ಕಟ್ಟಬೇಕು. ಇದೂ ಲಾಭಕ್ಕಲ್ಲದ ಟ್ರಸ್ಟೇ. ಕೂರುವವರು ಜಿಲ್ಲಾಧಿಕಾರಿ, ಸಂಸದರು, ಶಾಸಕರು, ಇಲಾಖೆಯವರು. ಸಂಡೂರಿನ ಹಳ್ಳಿಯವನು ಇಲ್ಲಿ ಒಡೆಯನೂ ಅಲ್ಲ, ಅರ್ಜಿದಾರನೂ ಅಲ್ಲ, 'ಗಣಿಬಾಧಿತ'. ಜ್ವರ ಬಾಧಿತ ಅನ್ನುವ ಹಾಗೆ. ಗಣಿ ಮುಗಿದ ಮೇಲಿನ ಬದುಕಿಗೆ ಒಂದು ಪಾಲು ಕೂಡಿಡುವ ಮಾತು 2024ರ ಹೊಸ ಮಾರ್ಗಸೂಚಿಯಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಆ ಪಾಲನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂದು ಯುಂಡುಮುವಿನ ಟೀಚರಮ್ಮಂದಿರ ಹಾಗೆ ಊರಿನ ಹೆಂಗಸರು ಕೂತು ಹೇಳುವ ಜಾಗ ನಮ್ಮ ವ್ಯವಸ್ಥೆಯಲ್ಲಿ ಎಲ್ಲಿದೆ? ಗ್ರಾಮಸಭೆ ಅಂತ ಕಾಗದದಲ್ಲಿ ಇದೆ.

ತೊಗಟೆ ಮನವಿಯ ಊರಿಗೆ ವಾಪಸ್ ಹೋದರೆ, ಅಲ್ಲಿ ಈಗ ಲೆಕ್ಕ ಬೇರೆಯೇ ಆಗುತ್ತಿದೆ. ಯೋಲ್ಂಗು ಜನರ ಗುಮಾಜ್ ಕುಲದವರು 2017ರಲ್ಲಿ ತಮ್ಮದೇ ಸಣ್ಣ ಬಾಕ್ಸೈಟ್ ಗಣಿ ಶುರು ಮಾಡಿದರು, ತಮ್ಮ ಹುಡುಗರಿಗೆ ಅಲ್ಲೇ ತರಬೇತಿ. ಗಲರ್‌ವುಯ್ ಯುನುಪಿಂಗು ಆ ಕುಲದ ನಾಯಕರು. ಹುಡುಗನಾಗಿದ್ದಾಗ ಅಪ್ಪನ ಕಾಲದ ಹಿರಿಯರಿಗೆ ಕೋರ್ಟಿನಲ್ಲಿ ದುಭಾಷಿಯಾಗಿ ನಿಂತಿದ್ದವರು. 2019ರಲ್ಲಿ ಅವರು ಕೇಂದ್ರ ಸರ್ಕಾರದ ಮೇಲೆ ಹೊಸ ದಾವೆ ಹೂಡಿದರು. ನಮ್ಮನ್ನು ಕೇಳದೆ ಗಣಿಗೆ ಕೊಟ್ಟ ನೆಲಕ್ಕೆ ಪರಿಹಾರ ಕೊಡಿ ಎಂದು. 2023ರಲ್ಲಿ ತೀರಿಕೊಂಡರು. 2025ರ ಮಾರ್ಚ್ 12ರಂದು ಹೈಕೋರ್ಟ್, ಅಂದರೆ ಅಲ್ಲಿನ ಅತಿ ದೊಡ್ಡ ನ್ಯಾಯಾಲಯ, ಸರ್ಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು. ಯಾರದೇ ಆಸ್ತಿಯನ್ನು ಸರ್ಕಾರ ತೆಗೆದುಕೊಂಡರೆ ನ್ಯಾಯವಾದ ಬೆಲೆ ಕೊಡಬೇಕು ಎಂಬ ಸಂವಿಧಾನದ ಮಾತು ಇವರಿಗೂ ಅನ್ವಯಿಸುತ್ತದೆ ಎಂದಿತು. ಇಲ್ಲಿ ಕಲ್ಯಾಣ, ಅನುದಾನ, ಫಲಾನುಭವಿ ಎಂಬ ಪದಗಳ ಕೆಲಸವೇ ಇಲ್ಲ. ಆಸ್ತಿ, ಬೆಲೆ, ಅಷ್ಟೇ. ಕೇಳಿರುವ ಮೊತ್ತ 70 ಕೋಟಿ ಡಾಲರ್‌ವರೆಗೆ.

1963ರ ಮನವಿಯಲ್ಲಿ ಕೊನೆಗೆ ಕೇಳಿಕೊಂಡಿದ್ದು ಇಷ್ಟು: ನೆಲ ಕತ್ತರಿಸುವ ಮೊದಲು ಒಂದು ಸಮಿತಿ ಕಳಿಸಿ, ಜೊತೆಗೆ ಒಳ್ಳೇ ದುಭಾಷಿಗಳನ್ನು ಕಳಿಸಿ, ನಾವು ಹೇಳುವುದನ್ನು ಕೇಳಿಸಿಕೊಳ್ಳಿ. ಸಮಿತಿ ಬಂತು. ಕೇಳಿಸಿಕೊಂಡಿತು. ಪರಿಹಾರ ಕೊಡಬೇಕು ಎಂದು ವರದಿಯಲ್ಲಿ ಬರೆದು ಹೋಯಿತು.